ಗ್ರಹಗಳ ನಡುವಿನ ಗಸ್ತು: ಶಾಂತಿ ಕಾಯುವವರ ಕೈಯಲ್ಲೇ ಬಾಂಬ್ ಇದ್ದಾಗ

ಕಕ್ಷಾಪಥಿಕ

ಎರಡನೆಯ ಮಹಾಯುದ್ಧ ಮುಗಿದ ಮೇಲಿನ ಹತ್ತು ಹನ್ನೆರಡು ವರ್ಷಗಳಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಹುಡುಗರಿಗಾಗಿ ಬರೆದ ಬಾಹ್ಯಾಕಾಶ ಸಾಹಸ ಕಥೆಗಳಲ್ಲಿ ಒಂದು ಸಂಸ್ಥೆ ಮತ್ತೆ ಮತ್ತೆ ಎದುರಾಗುತ್ತದೆ. ಯಾವುದೇ ಒಂದು ದೇಶದ ಸೊತ್ತಲ್ಲದ, ಭೂಮಿ, ಶುಕ್ರ, ಮಂಗಳಗಳ ನಡುವೆ ನೌಕೆಗಳಲ್ಲಿ ಓಡಾಡುತ್ತ ಯುದ್ಧ ಹುಟ್ಟದಂತೆ ನೋಡಿಕೊಳ್ಳುವ ಗಸ್ತು ಪಡೆ ಅದು. ಈ ಚರ್ಚೆಯನ್ನು ಅಂಥ ಕಥೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ರಾಬರ್ಟ್ ಹೈನ್‌ಲೈನ್ ಅವರ 1948ರ 'ಸ್ಪೇಸ್ ಕೆಡೆಟ್' ಕಾದಂಬರಿಯಿಂದ ಆರಂಭಿಸುತ್ತೇನೆ.

ಕಥೆ ನಡೆಯುವುದು 2075ರಲ್ಲಿ. ಭೂಮಿಯ ಸುತ್ತ ಪರಮಾಣು ಬಾಂಬ್‌ಗಳು ಸದಾ ಕಕ್ಷೆಯಲ್ಲಿ ಸುತ್ತುತ್ತಿರುತ್ತವೆ, ಮತ್ತು ಅವುಗಳ ಮೇಲಿನ ಅಧಿಕಾರ ಗಸ್ತು ಪಡೆಗೆ ಮಾತ್ರ ಇರುತ್ತದೆ. ಯಾವುದಾದರೂ ದೇಶ ಯುದ್ಧಕ್ಕೆ ಹೊರಟರೆ ಅದರ ಮೇಲೆ ಬಾಂಬ್ ಬೀಳುತ್ತದೆ. ಈ ಪಡೆಗೆ ಸೇರಲು ಬಂದ ಮ್ಯಾಟ್ ಡಾಡ್ಸನ್ ಎಂಬ ಹುಡುಗನಿಗೆ ಒಡ್ಡುವ ಹಲವು ಪರೀಕ್ಷೆಗಳಲ್ಲಿ ಒಂದು ತೀರ ಪೆದ್ದುಪೆದ್ದಾಗಿ ಕಾಣುತ್ತದೆ. ಅವನನ್ನು ಒಂದು ಕೋಣೆಯಲ್ಲಿ ಒಬ್ಬನೇ ಕೂರಿಸಿ, ಕಣ್ಣು ಮುಚ್ಚಿಕೊಂಡು ನೆಲದ ಮೇಲಿನ ಕಿರಿದಾದ ಬಾಯಿಯ ಶೀಸೆಯೊಳಕ್ಕೆ ಕಾಳುಗಳನ್ನು ಹಾಕಲು ಹೇಳುತ್ತಾರೆ. ಕಣ್ಣು ಮುಚ್ಚಿದವನಿಗೆ ಹೆಚ್ಚು ಅಂಕ ಬರುವುದು ಅಸಾಧ್ಯ, ಕಣ್ಣು ಬಿಟ್ಟವನನ್ನು ಹಿಡಿಯಲು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಕಡಿಮೆ ಅಂಕದೊಂದಿಗೆ ಹೊರಬಂದವನೇ ನಿಜವಾಗಿ ಉತ್ತೀರ್ಣನಾದವನು.

ನನ್ನ ವಾದವಿಷ್ಟು: ಈ ಪ್ರಕಾರದ ಕಥೆಗಳು ಶಾಂತಿಯ ಭಾರವನ್ನು ಕಾನೂನಿನ ಮೇಲಾಗಲಿ ಯಂತ್ರದ ಮೇಲಾಗಲಿ ಹೊರಿಸದೆ, ಯಾರೂ ನೋಡದಿದ್ದಾಗಲೂ ಕಣ್ಣು ತೆರೆಯದ ಮನುಷ್ಯನ ಮೇಲೆ ಹೊರಿಸುತ್ತವೆ. ಆ ಭಾರ ಒಬ್ಬ ಮನುಷ್ಯ ಹೊರಬಲ್ಲುದಕ್ಕಿಂತ ಹೆಚ್ಚೆಂಬುದು ಈ ಪ್ರಕಾರದ ಉತ್ತಮ ಕಥೆಗಳಿಗೆ ತಿಳಿದಿದೆ, ಉಳಿದವುಗಳಿಗೆ ತಿಳಿದಿಲ್ಲ. ಇದನ್ನು ಒಪ್ಪದವರು ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು

ಕಕ್ಷಾಪಥಿಕರೇ, ಒಳ್ಳೆಯ ಆರಂಭ. ಆದರೆ ಈ ಕಲ್ಪನೆ ಲೇಖಕರ ತಲೆಯಲ್ಲಿ ಶೂನ್ಯದಿಂದ ಹುಟ್ಟಿದ್ದಲ್ಲ ಎಂಬುದನ್ನು ಸೇರಿಸಬೇಕು. 1945ರ ಜೂನ್ 26ರಂದು ಸಹಿಯಾದ ವಿಶ್ವಸಂಸ್ಥೆಯ ಸನ್ನದಿನ 45ನೆಯ ವಿಧಿಯನ್ನು ಓದಿದರೆ, ಅಂತರರಾಷ್ಟ್ರೀಯ ಕಾರ್ಯಾಚರಣೆಗಾಗಿ ಸದಸ್ಯ ರಾಷ್ಟ್ರಗಳು ತಮ್ಮ ವಾಯುಪಡೆಯ ತುಕಡಿಗಳನ್ನು ತಕ್ಷಣ ಒದಗುವಂತೆ ಸಿದ್ಧವಾಗಿಟ್ಟಿರಬೇಕೆಂದು ಅಲ್ಲಿ ಬರೆದಿದೆ. ಆ ತುಕಡಿಗಳು ಎಂದೂ ರೂಪುಗೊಳ್ಳಲಿಲ್ಲ. ಮರುವರ್ಷದ ಜೂನ್ 14ರಂದು ಬರ್ನಾರ್ಡ್ ಬರೂಚ್ ಅವರು ವಿಶ್ವಸಂಸ್ಥೆಯ ಪರಮಾಣು ಶಕ್ತಿ ಆಯೋಗದ ಮುಂದೆ ಅಮೆರಿಕದ ಯೋಜನೆಯನ್ನಿಟ್ಟರು. ಅಪಾಯಕಾರಿ ಪರಮಾಣು ಚಟುವಟಿಕೆಗಳೆಲ್ಲ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರದ ವಶದಲ್ಲಿರಬೇಕು, ನಿಯಮ ಮುರಿದವರಿಗೆ ಶಿಕ್ಷೆಯಾಗಬೇಕು, ಆ ಶಿಕ್ಷೆಯನ್ನು ಯಾವ ದೇಶವೂ ವೀಟೋ ಮೂಲಕ ತಡೆಯುವಂತಿರಬಾರದು ಎಂಬುದು ಅದರ ಸಾರವಾಗಿತ್ತು. ಅಮೆರಿಕ ಮೊದಲು ತನ್ನ ಬಾಂಬ್‌ಗಳನ್ನು ನಾಶಪಡಿಸಲಿ, ಪ್ರಾಧಿಕಾರದ ಮಾತು ಆಮೇಲೆ ಎಂದು ಸೋವಿಯತ್ ಒಕ್ಕೂಟ ಪಟ್ಟು ಹಿಡಿಯಿತು, ವೀಟೋ ಬಿಟ್ಟುಕೊಡಲು ಒಪ್ಪಲಿಲ್ಲ, ಯೋಜನೆ ಅಲ್ಲಿಗೇ ನಿಂತಿತು. 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟವೂ ಬಾಂಬ್ ಸಿಡಿಸಿತು.

'ಸ್ಪೇಸ್ ಕೆಡೆಟ್' ಬಂದದ್ದು ಈ ಎರಡು ಘಟನೆಗಳ ನಡುವೆ. ಬರೂಚ್ ಯೋಜನೆ ಗೆದ್ದಿದ್ದರೆ ನೂರಿಪ್ಪತ್ತೇಳು ವರ್ಷಗಳ ನಂತರ ಏನಾಗುತ್ತಿತ್ತು ಎಂಬ ಪ್ರಶ್ನೆಗೆ ಅದು ಉತ್ತರದಂತಿದೆ. ಲೇಖಕರು ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ 1929ರಲ್ಲಿ ಪದವಿ ಪಡೆದು, ಕ್ಷಯರೋಗದಿಂದಾಗಿ 1934ರಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದವರು. ಪುಸ್ತಕದ ತರಬೇತಿ ನೌಕೆ, ಊಟದ ಮೇಜಿನ ಶಿಷ್ಟಾಚಾರ, ಹಿರಿಯ ಕೆಡೆಟ್‌ಗಳ ಕೀಟಲೆ ಎಲ್ಲವೂ ಆ ಅಕಾಡೆಮಿಯವೇ. ತಮ್ಮ ನೌಕಾಪಡೆಗೆ ದೇಶವನ್ನು ಮರೆಯಲು ಕಲಿಸಿದರೆ ಅದು ಹೇಗಿರುತ್ತದೆ ಎಂದು ಒಬ್ಬ ಮಾಜಿ ಅಧಿಕಾರಿ ಊಹಿಸಿಕೊಂಡ ಪುಸ್ತಕವೆಂದು ಇದನ್ನು ಓದಬಹುದು.

ಸಂಜೆಮಲ್ಲಿಗೆ

ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೆ ಈ ಕಥೆಗಳ ಬೇರು 1945ಕ್ಕಿಂತ ಬಹಳ ಹಿಂದೆ ಇದೆ, ಮತ್ತು ಅದು ಅಷ್ಟು ಶುಭ್ರವಾದ ಬೇರಲ್ಲ. ಆಕಾಶದಲ್ಲಿ ಓಡಾಡುತ್ತ ಕೆಳಗಿನವರ ಶಾಂತಿ ಕಾಯುವ ಪಡೆ ಕಥೆಗಿಂತ ಮೊದಲೇ ನಿಜವಾಗಿ ಇತ್ತು. 1920ರ ದಶಕದಲ್ಲಿ ಬ್ರಿಟಿಷ್ ವಾಯುಪಡೆ ಇರಾಕಿನಲ್ಲಿ ಮಾಡುತ್ತಿದ್ದ ಕೆಲಸ ಅದೇ. ನಮ್ಮದೇ ಅಂದಿನ ವಾಯವ್ಯ ಗಡಿಯ ವಜೀರಿಸ್ತಾನದಲ್ಲಿ 1925ರ ಮಾರ್ಚ್‌ನಿಂದ ಮೇ ವರೆಗೆ ನೆಲದ ಸೈನ್ಯವನ್ನೇ ಬಳಸದೆ, ವಿಮಾನಗಳಿಂದ ಮಾತ್ರ ಬುಡಕಟ್ಟಿನವರನ್ನು ಬಗ್ಗಿಸಿದ ಕಾರ್ಯಾಚರಣೆ ನಡೆಯಿತು. ಮೊದಲು ಎಚ್ಚರಿಕೆಯ ಕರಪತ್ರ, ಕೇಳದಿದ್ದರೆ ಹಳ್ಳಿಯ ಮೇಲೆ ಬಾಂಬ್. ನೆಲದ ಸೈನ್ಯಕ್ಕಿಂತ ಇದು ಅಗ್ಗ ಎಂಬುದು ಸರ್ಕಾರದ ಲೆಕ್ಕಾಚಾರವಾಗಿತ್ತು. ಜಿನೀವಾದ ನಿಶ್ಶಸ್ತ್ರೀಕರಣ ಸಮ್ಮೇಳನದಲ್ಲಿ 1932ರಲ್ಲಿ ಫ್ರಾನ್ಸ್ ದೊಡ್ಡ ಬಾಂಬರ್ ವಿಮಾನಗಳನ್ನು ರಾಷ್ಟ್ರಸಂಘದ ಪಡೆಯೊಂದಕ್ಕೆ ಒಪ್ಪಿಸೋಣ ಎಂದಾಗ, ಮರುವರ್ಷ ಬ್ರಿಟನ್ ಮುಂದಿಟ್ಟ ಕರಡಿನಲ್ಲಿ ವಾಯುದಾಳಿಯನ್ನು ನಿಷೇಧಿಸುತ್ತಲೇ, ದೂರದ ಪ್ರದೇಶಗಳಲ್ಲಿ ಪೊಲೀಸ್ ಉದ್ದೇಶಕ್ಕೆ ಮಾತ್ರ ವಿನಾಯಿತಿ ಬೇಕು ಎಂಬ ಷರತ್ತಿತ್ತು. ಆ ದೂರದ ಪ್ರದೇಶಗಳೆಂದರೆ ನಾವು.

ಸಾಹಿತ್ಯದಲ್ಲಿಯೂ ಮೊದಲಿಗರಲ್ಲಿ ಒಬ್ಬರು ಮುಂಬಯಿಯಲ್ಲಿ ಹುಟ್ಟಿದ ಕಿಪ್ಲಿಂಗ್. 1905ರ 'ವಿತ್ ದಿ ನೈಟ್ ಮೇಲ್' ಮತ್ತು 1912ರ 'ಆಸ್ ಈಸಿ ಆಸ್ ಎ.ಬಿ.ಸಿ.' ಕಥೆಗಳಲ್ಲಿ ಇಡೀ ಭೂಮಿಯನ್ನು ನಿಯಂತ್ರಿಸುವ ಒಂದು ವೈಮಾನಿಕ ಮಂಡಳಿ ಬರುತ್ತದೆ. ಎರಡನೆಯ ಕಥೆಯಲ್ಲಿ ಮತ್ತೆ ಮತದಾನ ಬೇಕೆಂದು ಕೇಳುವ ಜನರಿಂದ ಷಿಕಾಗೋದಲ್ಲಿ ಗಲಭೆಯೆದ್ದಾಗ, ಮಂಡಳಿಯ ನೌಕೆಗಳು ಕಣ್ಣು ಕೋರೈಸುವ ಬೆಳಕು ಮತ್ತು ಕಿವಿ ಸೀಳುವ ಶಬ್ದದಿಂದ ಅದನ್ನು ಅಡಗಿಸುತ್ತವೆ. ಊರಿನವರು ತಾವಾಗಿಯೇ ಆಡಳಿತ ವಹಿಸಿಕೊಳ್ಳುವಂತೆ ಮಂಡಳಿಯನ್ನು ಬೇಡಿಕೊಳ್ಳುತ್ತಾರೆ. ಇದನ್ನು ಓದಿದ ಮೇಲೆ ಗಸ್ತು ಪಡೆಯ ಪ್ರತಿಜ್ಞಾವಿಧಿಯನ್ನು ಭಕ್ತಿಯಿಂದ ಓದುವುದು ನನ್ನಿಂದ ಆಗದು. ಕಾಳಿನ ಪರೀಕ್ಷೆಯಲ್ಲಿ ಪ್ರಾಮಾಣಿಕನಾದ ಹುಡುಗ ವಜೀರಿಸ್ತಾನದ ಮೇಲೆ ಹಾರುವ ವಿಮಾನದಲ್ಲಿಯೂ ಕುಳಿತಿರಬಹುದಲ್ಲವೇ?

ಕಕ್ಷಾಪಥಿಕ

ಸಂಜೆಮಲ್ಲಿಗೆಯವರೇ, ಕುಳಿತಿರಬಹುದು. ಅದಕ್ಕಾಗಿಯೇ ಈ ಪುಸ್ತಕದ ಎರಡು ಭಾಗಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕೆನ್ನುತ್ತೇನೆ.

ಮೊದಲನೆಯದು ರಜೆಯ ಪ್ರಸಂಗ. ಮ್ಯಾಟ್ ಅಯೋವಾದ ಡೆ ಮೊಯ್ನ್‌ನಲ್ಲಿರುವ ತನ್ನ ಮನೆಗೆ ಬರುತ್ತಾನೆ. ಗಸ್ತು ಪಡೆ ತಮ್ಮ ಮೇಲೆ ಬಾಂಬ್ ಹಾಕುವುದುಂಟೇ ಎಂಬುದು ಅವನ ತಂದೆಯ ನೆಮ್ಮದಿಯ ನಂಬಿಕೆ. ಮಗನಿಗೆ ಆ ನೆಮ್ಮದಿ ಉಳಿದಿಲ್ಲ, ಏಕೆಂದರೆ ಈ ಊರಿನ ಮೇಲೆಯೂ ಬಾಂಬ್ ಹಾಕಬೇಕಾಗಿ ಬರಬಹುದೆಂಬುದು ಅವನಿಗೆ ಈಗ ಗೊತ್ತು. ಅಂದರೆ ದೂರದ ಪ್ರದೇಶಗಳಿಗೆ ಮಾತ್ರ ಎಂಬ ಬ್ರಿಟಿಷ್ ವಿನಾಯಿತಿಯನ್ನು ಈ ಪುಸ್ತಕ ತಲೆಕೆಳಗು ಮಾಡುತ್ತದೆ: ಬಾಂಬ್ ನೇತಾಡುತ್ತಿರುವುದು ಓದುವ ಅಮೆರಿಕನ್ ಹುಡುಗನ ತಲೆಯ ಮೇಲೆಯೇ. ಪಡೆಯ ಪುರಾಣಪುರುಷರಲ್ಲಿ ಒಬ್ಬನಾದ ರಿವೇರಾ ತನ್ನದೇ ನಾಡಿಗೆ ಸಂಧಾನಕ್ಕೆ ಹೋಗುವಾಗ, ತಾನು ಮರಳದಿದ್ದರೆ ದಾಳಿ ಮಾಡಿ ಎಂದು ಆಜ್ಞೆ ಕೊಟ್ಟು ಹೋದವನು. 1948ರಲ್ಲಿ, ಬಾಂಬ್ ಅಮೆರಿಕದ ಬಳಿ ಮಾತ್ರ ಇದ್ದಾಗ, ಹದಿಹರೆಯದವರಿಗಾಗಿ ಹೀಗೆ ಬರೆಯುವುದು ಸಣ್ಣ ಧೈರ್ಯವಲ್ಲ.

ಎರಡನೆಯದು ಶುಕ್ರಗ್ರಹದ ಭಾಗ. ಅಲ್ಲಿಯ ಮೂಲನಿವಾಸಿಗಳ ಸಮಾಜದಲ್ಲಿ ಅಧಿಕಾರ ಹೆಣ್ಣಿನದು. ಗಸ್ತು ಪಡೆಯನ್ನು ಬಿಟ್ಟು ವ್ಯಾಪಾರಿ ನೌಕೆಯ ಒಡೆಯನಾದ ಬರ್ಕ್ ಎಂಬ ಹಳೆಯ ಸಹಪಾಠಿ ಅದಿರಿನ ಆಸೆಗೆ ಅವರ ಹಿರಿಯಳನ್ನೇ ಒತ್ತೆಯಾಗಿ ಹಿಡಿದು ಅನಾಹುತ ಮಾಡಿಕೊಂಡಿರುತ್ತಾನೆ. ನೆರವಿಗೆ ಬಂದ ಕೆಡೆಟ್‌ಗಳ ನೌಕೆ ಕೆಸರಿನಲ್ಲಿ ಮುಳುಗಿಹೋಗುತ್ತದೆ, ಅವರ ಅಧಿಕಾರಿ ಪ್ರಜ್ಞೆ ತಪ್ಪಿ ಮಲಗಿರುತ್ತಾನೆ. ಮುಂದಿನದನ್ನೆಲ್ಲ ಸಾಧಿಸುವವನು ಶುಕ್ರದಲ್ಲೇ ಬೆಳೆದ, ಅಲ್ಲಿಯ ಭಾಷೆ ಮತ್ತು ಮರ್ಯಾದೆ ಬಲ್ಲ ಆಸ್ಕರ್ ಜೆನ್ಸನ್. ಅವನು ತಾಳ್ಮೆಯಿಂದ ಮಾತನಾಡುತ್ತಾನೆ, ತಲೆಬಾಗಬೇಕಾದಲ್ಲಿ ತಲೆಬಾಗುತ್ತಾನೆ. ಭೂಮಂಡಲವನ್ನೇ ಸುಡಬಲ್ಲ ಪಡೆಯ ಕುರಿತ ಈ ಪುಸ್ತಕದ ಕೊನೆಯ ಸಾಹಸದಲ್ಲಿ ಬಾಂಬಿಗೆ ಕೆಲಸವೇ ಇಲ್ಲ. ಮರಳಿ ಬಂದಾಗ ದೊಡ್ಡ ಸನ್ಮಾನ ನಿರೀಕ್ಷಿಸಿದ್ದ ಹುಡುಗರಿಗೆ ಮೇಲಧಿಕಾರಿಯಿಂದ ಸಿಗುವುದು ದಿನನಿತ್ಯದ ಕೆಲಸ ಮುಗಿಸಿದವರಿಗೆ ಸಿಗುವಷ್ಟೇ ಮಾತು.

ಲೆಕ್ಕಿಗ

ನೈತಿಕತೆಯನ್ನು ನಿಮಗೆ ಬಿಟ್ಟು ಕಕ್ಷೆಯ ಲೆಕ್ಕವನ್ನಷ್ಟೇ ಹೇಳುತ್ತೇನೆ. ತಲೆಯ ಮೇಲೆ ಬಾಂಬ್ ನೇತಾಡುತ್ತಿದೆ ಎಂಬ ಮಾತೇ ದಾರಿ ತಪ್ಪಿಸುತ್ತದೆ. ಕೆಳಕಕ್ಷೆಯ ವಸ್ತು ಸೆಕೆಂಡಿಗೆ ಸುಮಾರು 7.8 ಕಿಲೋಮೀಟರ್ ವೇಗದಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಷ್ಟರಲ್ಲಿ ಭೂಮಿ ಸುಮಾರು ಇಪ್ಪತ್ತೆರಡೂವರೆ ಡಿಗ್ರಿ ತಿರುಗಿರುತ್ತದೆ. ಆದ್ದರಿಂದ ಒಂದು ನಿರ್ದಿಷ್ಟ ಊರು ಒಂದು ಕಕ್ಷೆಯ ಸಮತಲದ ಕೆಳಗೆ ಬರುವುದು ದಿನಕ್ಕೆ ಹೆಚ್ಚೆಂದರೆ ಎರಡು ಸಲ. ಕೈಬಿಟ್ಟರೆ ಬಾಂಬ್ ಕೆಳಗೆ ಬೀಳುವುದೂ ಇಲ್ಲ, ನೌಕೆಯ ಪಕ್ಕದಲ್ಲೇ ಸುತ್ತುತ್ತಿರುತ್ತದೆ. ರಾಕೆಟ್ ಉರಿಸಿ ಅದರ ವೇಗ ತಗ್ಗಿಸಬೇಕು, ಅದನ್ನೂ ಗುರಿಯ ಮೇಲೆ ಬಂದಾಗ ಅಲ್ಲ, ಸಾವಿರಾರು ಕಿಲೋಮೀಟರ್ ಮೊದಲೇ. ನೆಲದಿಂದ ಹಾರುವ ಖಂಡಾಂತರ ಕ್ಷಿಪಣಿ ಅರ್ಧ ಗಂಟೆಯಲ್ಲಿ ಬೇಕಾದಲ್ಲಿಗೆ ತಲುಪುವಾಗ, ಕೆಟ್ಟರೆ ರಿಪೇರಿಗೂ ಸಿಗದ ಬಾಂಬನ್ನು ಮೇಲೆ ಇಡುವುದರಿಂದ ಲಾಭ ಕಡಿಮೆ. ಎರಡು ಮಹಾಶಕ್ತಿಗಳು 1967ರ ಬಾಹ್ಯಾಕಾಶ ಒಪ್ಪಂದಕ್ಕೆ ಸಹಿ ಹಾಕಿ, ಅದರ ನಾಲ್ಕನೆಯ ವಿಧಿಯಲ್ಲಿ ಸಾಮೂಹಿಕ ವಿನಾಶದ ಅಸ್ತ್ರಗಳನ್ನು ಕಕ್ಷೆಯಲ್ಲಿ ಇಡುವುದಿಲ್ಲವೆಂದು ಒಪ್ಪಿಕೊಳ್ಳಲು ಈ ಲೆಕ್ಕವೂ ಒಂದು ಕಾರಣ. ಬೇಡವಾದ ವಸ್ತುವನ್ನು ತ್ಯಾಗ ಮಾಡುವುದು ಯಾರಿಗೂ ಕಷ್ಟವಲ್ಲ. ಅಷ್ಟಾಗಿಯೂ ಸೋವಿಯತ್ ಒಕ್ಕೂಟ ಸುತ್ತು ಪೂರ್ಣಗೊಳಿಸುವ ಮೊದಲೇ ಇಳಿಯುವ ಕ್ಷಿಪಣಿಯೊಂದನ್ನು ಮಾಡಿಕೊಂಡು, ಪೂರ್ಣ ಕಕ್ಷೆ ಅಲ್ಲದ್ದರಿಂದ ಒಪ್ಪಂದ ಮುರಿದಂತಾಗಲಿಲ್ಲ ಎಂಬ ದಾರಿ ಹಿಡಿಯಿತು.

ಶುಕ್ರದ ಕೆಸರಿನ ಬಗ್ಗೆ ಹೆಚ್ಚು ಹೇಳುವುದು ಬೇಡ. 1962ರ ಡಿಸೆಂಬರ್ 14ರಂದು ಮ್ಯಾರಿನರ್ 2 ಎಂಬ ಶೋಧ ನೌಕೆ ಅದರ ಬಳಿ ಹಾದುಹೋಗಿ ಅಲ್ಲಿಯ ವಿಪರೀತ ಬಿಸಿಯನ್ನು ಕಂಡಾಗಲೇ ಕಥೆಗಳ ಆ ಜೌಗು ಕಾಡುಗಳೆಲ್ಲ ಒಣಗಿಹೋದವು.

ಚಿತ್ರಪಟ

ಪುಸ್ತಕದಿಂದ ತೆರೆಗೆ ಬಂದಾಗ ಏನಾಯಿತೆಂಬುದನ್ನು ನೆನಪಿಸುವುದು ಒಳ್ಳೆಯದು. ಅಮೆರಿಕದ ದೂರದರ್ಶನದಲ್ಲಿ 1950ರಲ್ಲಿ ಆರಂಭವಾದ 'ಟಾಮ್ ಕಾರ್ಬೆಟ್, ಸ್ಪೇಸ್ ಕೆಡೆಟ್' ಧಾರಾವಾಹಿ ಈ ಪುಸ್ತಕದಿಂದ ಹೆಸರು, ಅಕಾಡೆಮಿ ಮತ್ತು ಸಮವಸ್ತ್ರಗಳನ್ನು ತೆಗೆದುಕೊಂಡಿತು. ರಾಕೆಟ್ ತಜ್ಞ ವಿಲ್ಲಿ ಲೇ ಅದರ ತಾಂತ್ರಿಕ ಸಲಹೆಗಾರರಾಗಿದ್ದರು, ಆರಂಭದಲ್ಲಿ ಪ್ರಾಯೋಜಕರು ಬೆಳಗಿನ ತಿಂಡಿಯ ಕೆಲಾಗ್ಸ್ ಕಂಪನಿಯವರು. ಸ್ವಂತ ಊರಿನ ಮೇಲೆ ಬಾಂಬ್ ಹಾಕಬೇಕಾಗಬಹುದೇ ಎಂದು ನಿದ್ದೆಗೆಡುವ ಹುಡುಗನಿಂದ ಯಾವ ತಿಂಡಿಯೂ ಮಾರಾಟವಾಗದು. ಬ್ರಿಟನ್ನಿನಲ್ಲಿ ಅದೇ ವರ್ಷದ ಏಪ್ರಿಲ್ 14ರಂದು ಹೊರಬಂದ 'ಈಗಲ್' ವಾರಪತ್ರಿಕೆಯ ಡ್ಯಾನ್ ಡೇರ್ ಚಿತ್ರಕಥೆ ನನಗೆ ಹೆಚ್ಚು ಇಷ್ಟ. ಫ್ರಾಂಕ್ ಹ್ಯಾಂಪ್ಸನ್ ಬರೆದ ಆ ಬಾಹ್ಯಾಕಾಶ ಪಡೆಯ ಪೈಲಟ್ ಮೊದಲ ಸಲ ಶುಕ್ರಕ್ಕೆ ಹೊರಡುವುದು ಹಸಿದ ಭೂಮಿಗೆ ಆಹಾರ ಹುಡುಕಲು. ಪಡಿತರ ಚೀಟಿ 1954ರವರೆಗೂ ಮುಗಿಯದ ದೇಶದ ಮಕ್ಕಳಿಗೆ ಅದು ಸಾಹಸದ ನೆಪವಾಗಿರಲಿಲ್ಲ, ಮನೆಯ ವಿಷಯವಾಗಿತ್ತು.

ಮಲೆನಾಡ ಓದುಗ

ಚರ್ಚೆಯಲ್ಲಿ ಇನ್ನೂ ಬಾರದ ಒಂದು ಸಣ್ಣ ಕಥೆ ಇದೆ, ಸಂಜೆಮಲ್ಲಿಗೆಯವರ ಪ್ರಶ್ನೆಗೆ ಹತ್ತಿರದ ಉತ್ತರ ಅದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. 'ಸ್ಪೇಸ್ ಕೆಡೆಟ್'ನಲ್ಲಿ ಹಾಜರಿ ಕರೆಯುವಾಗ ಎಂದೋ ಸತ್ತ ನಾಲ್ವರ ಹೆಸರುಗಳನ್ನೂ ಕರೆಯುತ್ತಾರೆ. ಪ್ರತಿ ಹೆಸರಿಗೂ ಸಾಲಿನಲ್ಲಿ ನಿಂತವರಲ್ಲಿ ಒಬ್ಬ ಅವನ ಪರವಾಗಿ ಉತ್ತರಿಸುತ್ತಾನೆ. ಆ ನಾಲ್ವರಲ್ಲಿ ಮೊದಲನೆಯವನು ಡಾಲ್‌ಕ್ವಿಸ್ಟ್. ಅವನು ಏನು ಮಾಡಿದನೆಂಬುದನ್ನು ಹೈನ್‌ಲೈನ್ ಮರುವರ್ಷ, 1949ರಲ್ಲಿ, 'ದಿ ಲಾಂಗ್ ವಾಚ್' ಎಂಬ ಕಥೆಯಲ್ಲಿ ಬರೆದರು.

ಚಂದ್ರನ ನೆಲೆಯಲ್ಲಿ ಬಾಂಬ್‌ಗಳ ಉಸ್ತುವಾರಿ ಈ ಕಿರಿಯ ಅಧಿಕಾರಿಯದು. ಅವನ ಮೇಲಧಿಕಾರಿ ಕರ್ನಲ್ ಟವರ್ಸ್ ಒಂದು ದಿನ ಅವನನ್ನು ಕರೆದು, ರಾಜಕಾರಣಿಗಳ ಕೈಯಲ್ಲಿ ಲೋಕವನ್ನು ಬಿಡುವುದು ಅಪಾಯಕರ, ಆದ್ದರಿಂದ ಗಸ್ತು ಪಡೆಯೇ ಅಧಿಕಾರ ಹಿಡಿಯಬೇಕು, ಅದಕ್ಕಾಗಿ ಭೂಮಿಯ ಮೇಲೆ ಮುಖ್ಯವಲ್ಲದ ಒಂದೆರಡು ಊರುಗಳನ್ನು ಸುಡಬೇಕಾಗುತ್ತದೆ ಎನ್ನುತ್ತಾನೆ. ಬೇಲಿಯೇ ಎದ್ದು ಹೊಲ ಮೇಯುವ ಗಳಿಗೆ ಇದು, ಮತ್ತು ಅದನ್ನು ಬರೆದವರು ಬೇಲಿಯನ್ನು ಕಟ್ಟಿದ ಲೇಖಕರೇ. ಡಾಲ್‌ಕ್ವಿಸ್ಟ್ ಎದುರು ಮಾತನಾಡದೆ ಹೊರಬಂದು, ಬಾಂಬ್‌ಗಳ ಕೋಣೆಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಳ್ಳುತ್ತಾನೆ. ಒಳನುಗ್ಗಿದರೆ ಸಿಡಿಸುತ್ತೇನೆಂದು ಹೆದರಿಸಿ ಸ್ವಲ್ಪ ಸಮಯ ಗಳಿಸುತ್ತಾನೆ. ಆದರೆ ಒಬ್ಬನೇ ಎಷ್ಟು ಹೊತ್ತು ಎಚ್ಚರವಿದ್ದಾನು? ತಂತಿ ಕಿತ್ತರೆ ತಂತ್ರಜ್ಞರು ಮತ್ತೆ ಜೋಡಿಸಿಬಿಡುತ್ತಾರೆ. ಉಳಿದ ದಾರಿಯೆಂದರೆ ಒಳಗಿನ ಪ್ಲುಟೋನಿಯಂ ಅನ್ನೇ ಒಡೆದು ಹಾಕುವುದು. ಅವನು ಒಂದೊಂದನ್ನಾಗಿ ಅದನ್ನೇ ಮಾಡುತ್ತಾನೆ. ಅದರ ವಿಕಿರಣದಿಂದ ತಾನು ಬದುಕಿ ಹೊರಬರುವುದಿಲ್ಲವೆಂದು ಅವನಿಗೆ ಗೊತ್ತಿದೆ, ಮನೆಯಲ್ಲಿ ಹೆಂಡತಿ ಮತ್ತು ಮಗು ಇದ್ದಾರೆ. 1946ರ ಮೇ 21ರಂದು ಲಾಸ್ ಅಲಮಾಸ್‌ನಲ್ಲಿ ಪ್ಲುಟೋನಿಯಂ ಗೋಳದ ಪ್ರಯೋಗ ಕೈತಪ್ಪಿ, ಒಂಬತ್ತನೆಯ ದಿನ ತೀರಿಕೊಂಡ ಲೂಯಿಸ್ ಸ್ಲಾಟಿನ್ ಎಂಬ ವಿಜ್ಞಾನಿಯ ಸಾವು ಜಗತ್ತು ಕಂಡು ಆಗ ಮೂರು ವರ್ಷವಷ್ಟೇ ಆಗಿತ್ತು.

ಕಥೆಯ ಆರಂಭದಲ್ಲಿಯೇ ಅವನ ಶವಯಾತ್ರೆ ಬರುತ್ತದೆ. ಚಂದ್ರನಿಂದ ಒಂಬತ್ತು ನೌಕೆಗಳು ಹೊರಡುತ್ತವೆ, ಎಂಟು ನೌಕೆಗಳು ತೀರ ಚಿಕ್ಕದೊಂದನ್ನು ಗೋಳಾಕಾರದಲ್ಲಿ ಸುತ್ತುವರಿದಿರುತ್ತವೆ. ಆ ಚಿಕ್ಕ ನೌಕೆಯಲ್ಲಿ ಜೀವಂತ ಮನುಷ್ಯರಿಲ್ಲ. ಒಂದು ಸೀಸದ ಶವಪೆಟ್ಟಿಗೆ, ಮತ್ತು ವಿಕಿರಣವನ್ನು ಪತ್ತೆಹಚ್ಚುತ್ತ ಕ್ಷಣವೂ ಸುಮ್ಮನಾಗದ ಒಂದು ಗೈಗರ್ ಕೌಂಟರ್ ಇವೆ. ಈಗ ಆಲೋಚಿಸಿ: ಆಜ್ಞಾಪಾಲನೆಯನ್ನು ಕಲಿಸುವ ಈ ಪಡೆ ತನ್ನ ಹಾಜರಿಯಲ್ಲಿ ಎಲ್ಲರಿಗಿಂತ ಮೊದಲು ಕರೆಯುವ ಸತ್ತವನ ಹೆಸರು, ಮೇಲಧಿಕಾರಿಯ ಆಜ್ಞೆಯನ್ನು ಮೀರಿದವನದು.

ಸಂಜೆಮಲ್ಲಿಗೆ

ಮಲೆನಾಡ ಓದುಗರೇ, ಕಥೆಯನ್ನು ಚೆನ್ನಾಗಿ ಹೇಳಿದಿರಿ. ಡಾಲ್‌ಕ್ವಿಸ್ಟ್‌ನನ್ನು ನಾನು ಒಪ್ಪುತ್ತೇನೆ, ಅವನ ಸಂಸ್ಥೆಯನ್ನು ಒಪ್ಪುವುದಿಲ್ಲ. ಟವರ್ಸ್ ಕೂಡ ಕಾಳಿನ ಪರೀಕ್ಷೆಯಂಥದ್ದನ್ನು ದಾಟಿಯೇ ಕರ್ನಲ್ ಆಗಿರಬೇಕಲ್ಲವೇ? ಅಂದರೆ ಆಯ್ಕೆಯ ವಿಧಾನ ಅಲ್ಲಿ ಸೋತಿತು, ಜಗತ್ತು ಉಳಿದದ್ದು ಆ ದಿನ ಆ ಕೋಣೆಯ ಬೀಗದ ಕೈ ಯಾರ ಬಳಿ ಇತ್ತು ಎಂಬ ಅದೃಷ್ಟದಿಂದ. ಇ. ಇ. ಸ್ಮಿತ್ ಅವರ ಗಸ್ತು ಪಡೆಯ ಕಥೆಗಳಲ್ಲಿ ಈ ತೊಡಕೇ ಇಲ್ಲ. 1937ರಿಂದ 'ಅಸ್ಟೌಂಡಿಂಗ್' ಪತ್ರಿಕೆಯಲ್ಲಿ ಬಂದ 'ಗ್ಯಾಲಕ್ಟಿಕ್ ಪೆಟ್ರೋಲ್'ನಲ್ಲಿ ಅಧಿಕಾರಿಯ ಕೈಯಲ್ಲಿ ಹೊಳೆಯುವ ಲೆನ್ಸ್ ಅವನಿಗಲ್ಲದೆ ಬೇರೆಯವರಿಗೆ ಒಲಿಯದು, ಅದನ್ನು ನಕಲು ಮಾಡಲು ಆಗದು, ಮತ್ತು ಅದನ್ನು ಕೊಡುವ ಅತಿಮಾನವ ಜೀವಿಗಳು ತಪ್ಪು ಮನುಷ್ಯನಿಗೆ ಎಂದೂ ಕೊಡುವುದಿಲ್ಲ. ಲೇಖಕರು ಕಷ್ಟದ ಪ್ರಶ್ನೆಯನ್ನು ದೇವರಿಗೆ ಒಪ್ಪಿಸಿ ಕೈತೊಳೆದುಕೊಂಡಿದ್ದಾರೆ. ಅಲ್ಲಿ ಹೆಂಗಸರಲ್ಲಿ ಲೆನ್ಸ್ ಸಿಗುವುದು ಕ್ಲಾರಿಸ್ಸಾ ಮ್ಯಾಕ್‌ಡೂಗಲ್ ಒಬ್ಬಳಿಗೆ, ಅದೂ ವಿಶೇಷ ವಿನಾಯಿತಿಯಂತೆ. 'ಸ್ಪೇಸ್ ಕೆಡೆಟ್'ನಲ್ಲಿಯಾದರೋ ಕೆಡೆಟ್‌ಗಳೆಲ್ಲ ಹುಡುಗರು, ಆದರೆ ಅವರ ಪ್ರಾಣ ಉಳಿಸುವ ನಿರ್ಧಾರ ಶುಕ್ರದ ಒಬ್ಬ ಹಿರಿಯಳದು. ಲೇಖಕರು ಇದನ್ನು ಬೇಕೆಂದೇ ಮಾಡಿದರೋ ಇಲ್ಲವೋ, ನನಗೆ ಖುಷಿಯಾಯಿತು.

ಕಕ್ಷಾಪಥಿಕ

ಅದೃಷ್ಟ ಎಂಬ ಮಾತನ್ನು ತೆಗೆದುಹಾಕಲು ನನ್ನ ಬಳಿ ವಾದವಿಲ್ಲ, ಮೇಡಂ. ಅಷ್ಟು ಮಾತ್ರ ಹೇಳಬಲ್ಲೆ: ಆ ಪಡೆಯಲ್ಲಿ ಟವರ್ಸ್‌ನ ಹೆಸರನ್ನು ಹಾಜರಿಯಲ್ಲಿ ಕರೆಯುವುದಿಲ್ಲ, ಡಾಲ್‌ಕ್ವಿಸ್ಟ್‌ನ ಹೆಸರನ್ನು ಕರೆಯುತ್ತಾರೆ. ಸಂಸ್ಥೆ ತನ್ನ ಮುಂದಿನ ಪೀಳಿಗೆಗೆ ಯಾರನ್ನು ತೋರಿಸುತ್ತದೆ ಎಂಬುದೂ ಒಂದು ಬಗೆಯ ಬೀಗವೇ. ಸಾಕಷ್ಟು ಗಟ್ಟಿಯಾದ ಬೀಗವೇ ಎಂದು ಕೇಳಿದರೆ, ಪರಮಾಣು ಅಸ್ತ್ರದ ವಿಷಯದಲ್ಲಿ ನಾನೂ ಒಪ್ಪಂದ ಮತ್ತು ತಪಾಸಣೆಯನ್ನೇ ಆರಿಸುತ್ತೇನೆ. ಲೆಕ್ಕಿಗರು ಹೇಳಿದಂತೆ ಅದರಲ್ಲಿಯೂ ಸಂದುಗಳಿವೆ.

ಹೊಸ ಸದಸ್ಯ

ಎಲ್ಲರಿಗೂ ನಮಸ್ಕಾರ. ಇವುಗಳಲ್ಲಿ ಒಂದನ್ನೂ ಓದದ ನಾನು ಯಾವುದರಿಂದ ಆರಂಭಿಸಿದರೆ ಒಳ್ಳೆಯದು?

ನಿವೃತ್ತ ಮೇಷ್ಟ್ರು

ಮೊದಲು 'ದಿ ಲಾಂಗ್ ವಾಚ್' ಓದಿ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ನಂತರ 'ಸ್ಪೇಸ್ ಕೆಡೆಟ್'. ಅದರ ಮೊದಲ ಪುಟಗಳಲ್ಲಿ ಹುಡುಗನ ಚೀಲದೊಳಗೆ ಫೋನ್ ರಿಂಗಾಗುವುದನ್ನು ಕಂಡು ಆಶ್ಚರ್ಯಪಡಬೇಡಿ, ಅದು 1948ರಲ್ಲಿ ಬರೆದದ್ದೇ. ಕಿಪ್ಲಿಂಗ್ ಅವರ ಷಿಕಾಗೋ ಕಥೆಯನ್ನು ಕೊನೆಗೆ ಇಟ್ಟುಕೊಳ್ಳಿ. ಅದನ್ನು ಮುಗಿಸಿದ ಮೇಲೆ ಇಲ್ಲಿಗೆ ಬಂದು, ಸಂಜೆಮಲ್ಲಿಗೆಯವರ ಪಕ್ಷವೋ ಕಕ್ಷಾಪಥಿಕರ ಪಕ್ಷವೋ ಎಂದು ತಿಳಿಸಿ. ಸದ್ಯಕ್ಕೆ ನಾನು ಮೇಡಂ ಅವರ ಕಡೆಗೆ ಸ್ವಲ್ಪ ವಾಲಿದ್ದೇನೆ.